ಗದಗ ಬರುವಷ್ಟರಲ್ಲಿ ಟ್ಯಾಬ್‌ನಲ್ಲಿ ಒಂದು ಆಂಬಿಯೆಂಟ್ ಟ್ರ್ಯಾಕ್

ಕಳೆದ ದಸರೆಗೆ ಅಕ್ಕನ ಮಗನ ಜೊತೆ ಹುಬ್ಬಳ್ಳಿಯಿಂದ ಗದಗಿಗೆ ರೈಲಿನಲ್ಲಿ ಹೊರಟಿದ್ದೆ. ಹುಡುಗ ಹತ್ತಿದಾಗಿನಿಂದ ಐಪ್ಯಾಡ್ ಮೇಲೆ ಬಗ್ಗಿಕೊಂಡು ಸಂಗೀತ ಕೂಡಿಸುತ್ತಲೇ ಇದ್ದ. ಅಣ್ಣಿಗೇರಿ ದಾಟಿದ ಮೇಲೆ ಇಯರ್‌ಫೋನಿನ ಒಂದು ಬದಿ ನನ್ನ ಕಿವಿಗಿಟ್ಟು, "ಮಾಮಾ, ಇದು ಯಾಕ ಹಿಂಗ ಟಕ್ ಟಕ್ ಅನ್ನಾಕತ್ತೈತಿ?" ಎಂದ. ತಂಬೂರಿಯ ದನಿ ಚೆನ್ನಾಗಿತ್ತು. ಆದರೆ ಎಂಟು ಸೆಕೆಂಡಿಗೊಮ್ಮೆ, ಲೂಪ್, ಅಂದರೆ ಸುತ್ತಿ ಸುತ್ತಿ ಬರುವ ದನಿಯ ತುಂಡು, ಮತ್ತೆ ಶುರುವಾಗುವ ಕಡೆ, ಬಾಗಿಲ ಚಿಲಕ ಬಿದ್ದಂಥ ಸದ್ದು. ಹೊಸದಾಗಿ ಕೈ ಹಾಕಿದವರೆಲ್ಲ ಎಡವುವುದು ಇಲ್ಲೇ.

ಆಂಬಿಯೆಂಟ್ ಅಂದರೆ ತಾಳ, ಪಲ್ಲವಿಯ ಹಂಗಿಲ್ಲದೆ ನಿಧಾನವಾಗಿ ಹರಡಿಕೊಳ್ಳುವ ಸಂಗೀತ. ಧಾರವಾಡದ ಕಡೆಯವರಿಗೆ ಇದು ತೀರಾ ಹೊಸದೇನಲ್ಲ. ಹಾಡು ಶುರುವಾಗುವ ಮೊದಲು ತಂಬೂರಿ ಶ್ರುತಿ ಹಿಡಿಯುವಾಗ ಸುಮ್ನೆ ಕೂತು ಕೇಳಿದ್ದೀರಿ, ಅಲ್ವಾ? ಹೆಚ್ಚುಕಡಿಮೆ ಅದೇ.

ಮೊದಲು ತಯಾರಿ. ಚಾರ್ಜ್ ತುಂಬಿಸಿ, ಏರೋಪ್ಲೇನ್ ಮೋಡ್ ಹಾಕಿ. ಐಪ್ಯಾಡ್‌ನಲ್ಲಿ ಗ್ಯಾರೇಜ್‌ಬ್ಯಾಂಡ್, ಆಂಡ್ರಾಯ್ಡ್‌ನಲ್ಲಿ ಬ್ಯಾಂಡ್‌ಲ್ಯಾಬ್ ಸಾಕು. ಎರಡೂ ಸಂಗೀತ ಕೂಡಿಸುವ ಆ್ಯಪ್‌ಗಳು, ಎರಡೂ ಉಚಿತ. ಇಯರ್‌ಫೋನ್ ವೈರಿನದೇ ಇರಲಿ. ಬ್ಲೂಟೂತ್‌ನಲ್ಲಿ ದನಿ ತಡವಾಗಿ ಬರುತ್ತದೆ, ನುಡಿಸುವ ಬೆರಳಿಗೂ ಕಿವಿಗೂ ಹೊಂದುವುದಿಲ್ಲ. ಸಿದ್ಧ ಲೂಪ್ ಪ್ಯಾಕ್‌ಗಳಿಗೆ ದುಡ್ಡು ಹಾಕಬೇಡಿ. ನೀವು ಕೂತ ರೈಲಿನ ಸದ್ದು ಅವುಗಳಲ್ಲಿ ಸಿಗುವುದಿಲ್ಲ.

ಗ್ಯಾರೇಜ್‌ಬ್ಯಾಂಡ್‌ನಲ್ಲಿ ರೆಕಾರ್ಡ್ ಒತ್ತುವ ಮುಂಚೆಯೇ ಎರಡು ಬದಲಾವಣೆ ಮಾಡಿ. ಟೆಂಪೊ, ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬ ವೇಗ, 110 ಇರುತ್ತದೆ, ಅದನ್ನು 60ಕ್ಕೆ ಇಳಿಸಿ. ಆಗ ಒಂದು ಬೀಟ್ ಅಂದರೆ ಒಂದು ಸೆಕೆಂಡು, ಲೆಕ್ಕ ಸಲೀಸು. ಇನ್ನೊಂದು, ಸೆಕ್ಷನ್, ಅಂದರೆ ಹಾಡಿನ ಒಂದು ಭಾಗದ ಉದ್ದ, ಎಂಟು ಬಾರ್‌ಗೆ (ಬಾರ್ ಅಂದರೆ ನಾಲ್ಕು ಬೀಟ್) ಕಟ್ಟಿಹಾಕಿರುತ್ತದೆ. ಅದನ್ನು ಆಟೋಮ್ಯಾಟಿಕ್ ಮಾಡದಿದ್ದರೆ ನಿಮ್ಮ ಸಂಗೀತ ಅಲ್ಲಿಗೇ ನಿಲ್ಲುತ್ತದೆ.

ಈಗ ಮೂರು ಸದ್ದು ಬೇಕು: 20, 26, 32 ಸೆಕೆಂಡಿನವು. ತಂಬೂರಿಯನ್ನು ಮನೆಯಲ್ಲೇ ಹಿಡಿದಿಟ್ಟುಕೊಳ್ಳಿ. ಎರಡನೆಯದಕ್ಕೆ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ಎ.ಸಿ. ಗುಂಯ್‌ಗುಡುವಿಕೆ ಬಹಳ ಒಳ್ಳೆಯದು, ಏರಿಳಿತ ಕಡಿಮೆ. ಮೂರನೆಯದು ರೈಲಿನದು. ಕಿಟಕಿಗೆ ಟ್ಯಾಬ್ ಹಿಡಿಯಬೇಡಿ, ಗಾಳಿ ಮೈಕಿಗೆ ಬಡಿದು ಬರೀ ಬರಬರ ಸದ್ದೇ ಸಿಗುತ್ತದೆ. ತೊಡೆಯ ಮೇಲಿಟ್ಟು ಕರವಸ್ತ್ರ ಹೊದಿಸಿ. ರೈಲು ತಡವಾದರೆ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆದು ಹೋಗಿ. ಗದ್ದಲ ಹಿಂದೆ ಉಳಿಯುತ್ತದೆ, ದೂರದ ಎಂಜಿನ್ ಒಂದೇ ಕೇಳುತ್ತದೆ.

ಇನ್ನು ಬೆಸುಗೆ. ಇಲ್ಲಿ ಅವಸರ ಬೇಡ. ದನಿ ಅಂದರೆ ಅಲೆ. ತುಂಡಿನ ಕೊನೆಯಲ್ಲಿ ಅಲೆ ಮೇಲಿದ್ದು, ಮೊದಲಲ್ಲಿ ಕೆಳಗಿದ್ದರೆ ಒಂದರಿಂದ ಇನ್ನೊಂದಕ್ಕೆ ಜಿಗಿಯಬೇಕು. ಆ ಜಿಗಿತವೇ ಟಕ್. ಬಹಳ ಜನ ಕೊನೆಯಲ್ಲಿ ದನಿ ಇಳಿಸಿ, ಶುರುವಿನಲ್ಲಿ ಏರಿಸಿ ಬಿಡುತ್ತಾರೆ. ಟಕ್ ಹೋಗುತ್ತದೆ, ಆದರೆ ಪ್ರತಿ ಸುತ್ತಿಗೂ ಒಂದು ಹಳ್ಳ ಬೀಳುತ್ತದೆ. ಅದು ಇನ್ನೂ ಕೆಟ್ಟದ್ದು.

ಹೀಗೆ ಮಾಡಿ. 20 ಸೆಕೆಂಡಿನ ತುಂಡನ್ನು ಸರಿಯಾಗಿ ನಡುವೆ, 10ಕ್ಕೆ, ಕತ್ತರಿಸಿ. ಹಿಂದಿನ ಅರ್ಧವನ್ನು ಮುಂದಕ್ಕೆ ತನ್ನಿ. ಮುಂದಿನ ಅರ್ಧವನ್ನು ಇನ್ನೊಂದು ಟ್ರ್ಯಾಕಿನಲ್ಲಿ (ಪರದೆಯ ಮೇಲಿನ ಇನ್ನೊಂದು ಸಾಲಿನಲ್ಲಿ), 7ನೇ ಸೆಕೆಂಡಿನಿಂದ ಶುರುವಾಗುವಂತೆ ಇಡಿ. ಈಗ ಮೂರು ಸೆಕೆಂಡು ಎರಡೂ ಒಂದರ ಮೇಲೊಂದು ಬಂದವು. ಆ ಮೂರು ಸೆಕೆಂಡಿನಲ್ಲಿ ಮೊದಲನೆಯದರ ವಾಲ್ಯೂಮ್ ಗೆರೆ ಕೆಳಗೆ ಎಳೆಯಿರಿ, ಎರಡನೆಯದರದ್ದು ಮೇಲೆ. ನಡುವೆ ದನಿ ಕುಗ್ಗಿದಂತೆ ಕೇಳಿದರೆ ಇಳಿಕೆಯನ್ನು ಸ್ವಲ್ಪ ತಡವಾಗಿ ಶುರುಮಾಡಿ. ಸರಿಯಾದ ಮೇಲೆ ಎರಡೂ ಟ್ರ್ಯಾಕ್ ಮರ್ಜ್ ಮಾಡಿ, ಅಂದರೆ ಕೂಡಿಸಿ ಒಂದೇ ಮಾಡಿ. 17 ಸೆಕೆಂಡಿನ ತುಂಡು ಸಿಕ್ಕಿತು. ಇದರ ಕೊನೆ ಮತ್ತು ಮೊದಲು ನೀವು ಕತ್ತರಿಸಿದ ಅದೇ ಜಾಗ, ಹಾಗಾಗಿ ಮತ್ತೆ ಕೂಡಿದಾಗ ಗಾಯವೇ ಇರುವುದಿಲ್ಲ. ಕಣ್ಣು ಮುಚ್ಚಿ ಹತ್ತು ಸುತ್ತು ಕೇಳಿ. ಜೋಡಣೆ ಎಲ್ಲಿದೆ ಎಂದು ಬೆರಳು ತೋರಿಸಲು ಆಗಬಾರದು.

ಉಳಿದೆರಡನ್ನೂ ಹೀಗೇ ಮಾಡಿದರೆ 23 ಮತ್ತು 29 ಸೆಕೆಂಡು. ಈ ಅಂಕಿಗಳನ್ನು ಬೇಕೆಂದೇ ಆರಿಸಿದ್ದೇನೆ. 17 ಮತ್ತು 23 ಒಟ್ಟಿಗೆ ಶುರುವಾದರೆ ಮತ್ತೆ ಒಟ್ಟಿಗೆ ಬರಲು 6 ನಿಮಿಷ 31 ಸೆಕೆಂಡು ಬೇಕು. ಮೂರೂ ಕೂಡಲು ಸುಮಾರು 3 ಗಂಟೆ 9 ನಿಮಿಷ. ಅಷ್ಟರಲ್ಲಿ ನೀವು ಗದಗ ಮುಟ್ಟಿ ಊಟ ಮುಗಿಸಿರುತ್ತೀರಿ! 1970ರ ದಶಕದಲ್ಲಿ ಆಂಬಿಯೆಂಟ್ ಸಂಗೀತಗಾರ ಬ್ರಯಾನ್ ಈನೊ ಬೇರೆ ಬೇರೆ ಉದ್ದದ ಟೇಪುಗಳನ್ನು ಸುತ್ತಿಸಿದ್ದೂ ಇದೇ ಲೆಕ್ಕದಲ್ಲಿ. ಮೂರನ್ನೂ 20 ಸೆಕೆಂಡಿಗೆ ಸಮ ಮಾಡಬೇಡಿ, ಗಿರಣಿ ಸದ್ದಾಗುತ್ತದೆ.

ತುಂಡುಗಳನ್ನು ಕಾಪಿ ಮಾಡಿ ಒಂದರ ಹಿಂದೊಂದು ಅಂಟಿಸಿ. ರಿವರ್ಬ್ (ದೊಡ್ಡ ಕೋಣೆಯಲ್ಲಿ ದನಿ ಅನುರಣಿಸಿದಂಥ ಪರಿಣಾಮ) ತಂಬೂರಿಗೆ ಮಾತ್ರ, ಅದೂ ಸ್ವಲ್ಪ. ಎಲ್ಲಕ್ಕೂ ಸುರಿದರೆ ರಾಡಿ. ನಾಲ್ಕನೇ ಲೂಪ್ ಸೇರಿಸಲೇಬೇಡಿ. ಬದಲಿಗೆ ಹುಲಕೋಟಿಯಲ್ಲಿ ಹತ್ತಿದ ಚಹಾದವನ ಕೂಗನ್ನು ಒಂದೇ ಒಂದು ಸಲ, ಸಣ್ಣ ದನಿಯಲ್ಲಿ ಬಿಡಿ.

ಅಕ್ಕನ ಮಗನ ತಂಬೂರಿಯನ್ನು ಮರಳಿ ಬರುವಾಗ ಹೀಗೇ ಕತ್ತರಿಸಿ ಕೂಡಿಸಿದೆವು. ಮೂರು ಸಲ ಕೆಟ್ಟಿತು, ನಾಲ್ಕನೇ ಸಲ ಕೂತಿತು. ಅವನು ಕಣ್ಣು ಮುಚ್ಚಿ ಕೇಳಿದ. ಕಿಟಕಿಯಾಚೆ ಎರಿಹೊಲಗಳು ಹಿಂದೆ ಸರಿಯುತ್ತಿದ್ದವು. ಹುಬ್ಬಳ್ಳಿ ಬರುವವರೆಗೂ ಇಯರ್‌ಫೋನ್ ವಾಪಸ್ ಕೊಡಲಿಲ್ಲ.