ನೇತ್ರಾಣಿಯ ಶಾರ್ಕ್ ಚಿತ್ರದಲ್ಲಿ ಬಿಳಿ ಚುಕ್ಕೆ: ಹೋಗಿಸಿದ ಬಗೆ

ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಫೋಟೊ ತೆಗೆಯುವವರಿಗೆ ಈ ಕಾಟ ಗೊತ್ತಿರುತ್ತದೆ: ಬಂಡೆಯಡಿ ಮಲಗಿದ ಬ್ಯಾಂಬೂ ಶಾರ್ಕ್ ಚೆನ್ನಾಗಿಯೇ ಸಿಕ್ಕಿರುತ್ತದೆ, ಆದರೆ ಚಿತ್ರದ ತುಂಬ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಲೆನ್ಸ್ ದೋಷವಲ್ಲ. ನೀರಿನಲ್ಲಿ ತೇಲುವ ಕಣಗಳಿಗೆ ಫ್ಲ್ಯಾಶ್ ಬಡಿದು ನೇರ ಕ್ಯಾಮೆರಾಕ್ಕೇ ವಾಪಸ್ ಬರುತ್ತದೆ.

ಸರಿಹೋದದ್ದು ಸ್ಟ್ರೋಬ್ (ನೀರೊಳಗೆ ಬಳಸುವ ಫ್ಲ್ಯಾಶ್) ಜಾಗ ಬದಲಿಸಿದ ಮೇಲೆ. ಸ್ಟ್ರೋಬ್ ಸಿಕ್ಕಿಸಿದ ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ, ಸ್ಟ್ರೋಬ್‌ಗಳನ್ನು ಡೋಮ್ ಪೋರ್ಟ್‌ಗಿಂತ (ಲೆನ್ಸ್ ಮುಂದಿನ ಗುಮ್ಮಟದಂಥ ಪಾರದರ್ಶಕ ಮುಚ್ಚಳ) ತುಸು ಹಿಂದೆ ನಿಲ್ಲಿಸಿ, ಅವುಗಳ ಮುಖವನ್ನು 10–20 ಡಿಗ್ರಿ ಹೊರಕ್ಕೆ ತಿರುಗಿಸಬೇಕು. ಆಗ ಬೆಳಕಿನ ಒಳಅಂಚು ಮಾತ್ರ ಮೀನಿಗೆ ತಾಗುತ್ತದೆ. ಲೆನ್ಸ್ ಎದುರಿನ ನೀರಿಗೆ ಬೆಳಕು ಅಷ್ಟಾಗಿ ಬೀಳುವುದಿಲ್ಲ. ಶಾರ್ಕ್ ತಲೆ ಡೋಮ್‌ಗೆ ಒಂದಡಿಯೊಳಗೆ ಬಂದರೆ ತೋಳುಗಳನ್ನು ಒಳಗೆ ತನ್ನಿ, ಇಲ್ಲದಿದ್ದರೆ ಚಿತ್ರದ ನಡುವೆ ಕತ್ತಲು.

ವೈಡ್ ಲೆನ್ಸ್, ಎಫ್/8 ಅಪರ್ಚರ್, 1/125 ಸೆಕೆಂಡ್ ಶಟರ್, ಐಎಸ್‌ಒ 200ರಿಂದ ಶುರುಮಾಡಿ. ಹಿನ್ನೆಲೆಯ ನೀರು ತೀರಾ ಬೆಳ್ಳಗಾದರೆ ಶಟರ್ 1/200ಕ್ಕೆ ಏರಿಸಿ. ಸ್ಟ್ರೋಬ್ ಬೆಳಕಿಗೆ ಧಕ್ಕೆಯಿಲ್ಲ. ಹೊಟ್ಟೆಯ ಬಿಳುಪು ಸುಟ್ಟುಹೋಗುತ್ತಿದ್ದರೆ ಸ್ಟ್ರೋಬ್ ಶಕ್ತಿ ಇಳಿಸಬೇಕು. ರಾ ಫೈಲ್ (ಆಮೇಲೆ ಬಣ್ಣ ತಿದ್ದಲು ಬರುವ, ಕ್ಯಾಮೆರಾದ ಮೂಲ ಫೈಲ್) ಕಡ್ಡಾಯ, ಯಾಕೆಂದರೆ ಐದಾರು ಮೀಟರ್ ಆಳದಲ್ಲೇ ಕೆಂಪು ಬಣ್ಣ ಬಹುಪಾಲು ಮಾಯ.

ಎರಡು ಮೀಟರ್‌ಗಿಂತ ದೂರದಲ್ಲಿ ಈಜುವ ಬ್ಲ್ಯಾಕ್‌ಟಿಪ್ ಶಾರ್ಕ್‌ಗೆ ಸ್ಟ್ರೋಬ್ ಆರಿಸಿಬಿಡಿ, ಸೂರ್ಯನಿಗೆ ಬೆನ್ನು ಹಾಕಿ ತೆಗೆಯಿರಿ. ಬೆನ್ನಟ್ಟಿದರೆ ಸಿಗುವುದು ಬಾಲ ಮಾತ್ರ! ಮರಳಿನ ತಳದಲ್ಲಿ ಕಾಲಿನ ಫಿನ್ ಮೇಲೆ-ಕೆಳಗೆ ಬಡಿಯಬೇಡಿ, ಕಪ್ಪೆಯೀಜು ಸಾಕು. ಎದ್ದ ಮರಳು ಕೂರುವವರೆಗೆ ಯಾವ ಸ್ಟ್ರೋಬ್ ಕೋನವೂ ಉಪಯೋಗಕ್ಕೆ ಬರುವುದಿಲ್ಲ.