ದೇವಾಲಯಕ್ಕೆ ಬರಲಾರದ ಹಿರಿಯರ ಮನೆಗೆ ಸಭೆ ಹೋಗಬೇಕಾದ ಬಗೆ

ಮೊದಲು ಸಭೆಯ, ಅಂದರೆ ನಿಮ್ಮ ಚರ್ಚಿಗೆ ಸೇರಿದ ವಿಶ್ವಾಸಿಗಳ ಬಳಗದ, ರಿಜಿಸ್ಟರ್ ತೆರೆದು ಎಪ್ಪತ್ತು ದಾಟಿದವರ ಪಟ್ಟಿ ಮಾಡಿ, ಅವರಲ್ಲಿ ಯಾರು ಯಾವ ತಿಂಗಳಿಂದ ಭಾನುವಾರದ ಆರಾಧನೆಗೆ ಬಂದಿಲ್ಲ ಎಂಬುದನ್ನು ಹೆಸರಿನ ಮುಂದೆ ಬರೆದುಕೊಳ್ಳಿ. 1834ರಲ್ಲಿ ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಕೆಲಸ ಆರಂಭಿಸಿದ ಮಂಗಳೂರಿನಲ್ಲಿಯೂ ಅದರ ಸುತ್ತಲಿನ ಊರುಗಳಲ್ಲಿಯೂ ಇಂದು ಸಿ.ಎಸ್.ಐ.ಗೆ (ದಕ್ಷಿಣ ಭಾರತ ಸಭೆಗೆ) ಸೇರಿರುವ ಹಳೆಯ ಸಭೆಗಳನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮಕ್ಕಳು ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೋದ ಮೇಲೆ ಹಂಚಿನ ದೊಡ್ಡ ಮನೆಯಲ್ಲಿ ಅಜ್ಜಿಯೊಬ್ಬರೇ ಉಳಿದಿರುವುದು ಅಲ್ಲಿ ಅಪರೂಪವಲ್ಲ.

ಭೇಟಿಗೆ ಇಬ್ಬರು ಹೋಗಬೇಕು, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ತಿಂಗಳಿಗೊಮ್ಮೆಯಾದರೂ ಸರಿ, ವಾರವನ್ನೂ ಹೊತ್ತನ್ನೂ ಗೊತ್ತುಮಾಡಿಕೊಂಡು ತಪ್ಪದೆ ಹೋಗಿ. ಕ್ರಿಸ್‌ಮಸ್‌ಗೆ ಹದಿನೈದು ಮಂದಿ ಕೇಕ್ ಹಿಡಿದು ನುಗ್ಗಿ ಫೋಟೊ ತೆಗೆದುಕೊಂಡು ಬರುವುದನ್ನು ನಾನು ಸೇವೆಯೆಂದು ಎಣಿಸುವುದಿಲ್ಲ. ಕಿವಿ ಮಂದವಾದವರೊಡನೆ ಕೂಗಾಡಬೇಡಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಎದುರಿಗೆ ಕುಳಿತು, ತಗ್ಗಿದ ಸ್ಥಾಯಿಯ ಸ್ಪಷ್ಟ ದನಿಯಲ್ಲಿ ಬಿಡಿಸಿ ಮಾತಾಡಿದರೆ ತುಟಿಯ ಚಲನೆಯಿಂದಲೂ ಅವರಿಗೆ ಅರ್ಥವಾಗುತ್ತದೆ. ಸತ್ಯವೇದವನ್ನು (ಬೈಬಲನ್ನು) ಅವರಿಗೆ ಬಾಯಿಪಾಠವಾಗಿರುವ ಹಳೆಯ ಅನುವಾದದಿಂದಲೇ ಓದಿ. ಮರೆವಿನ ಕಾಯಿಲೆಯಿಂದ ಮಗಳ ಹೆಸರನ್ನೇ ಮರೆತಿದ್ದ ಅಜ್ಜಿಯೊಬ್ಬರು, ನಾನು ಸತ್ಯವೇದದ 23ನೆಯ ಕೀರ್ತನೆಯ ಮೊದಲ ಸಾಲನ್ನು ಹೇಳಿ ನಿಲ್ಲಿಸಿದಾಗ, ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸುತ್ತಲೇ ಉಳಿದ ಸಾಲುಗಳನ್ನೆಲ್ಲ ಮುಗಿಸಿದ್ದರು. ಅಂಥವರು ದಿನವನ್ನೋ ಹೆಸರನ್ನೋ ತಪ್ಪಾಗಿ ಹೇಳಿದರೆ ತಿದ್ದಲು ಹೋಗಬೇಡಿ.

ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಸಂಸ್ಕಾರಕ್ಕಾಗಿ ಸಭಾಪಾಲಕರನ್ನು (ಪಾದ್ರಿಯವರನ್ನು) ಕರೆದೊಯ್ಯುವ ಮುನ್ನ ನುಂಗಲು ತೊಂದರೆಯಿದೆಯೇ ಎಂದು ಮನೆಯವರನ್ನು ಕೇಳಿಕೊಳ್ಳಿ, ಏಕೆಂದರೆ ಪಾರ್ಶ್ವವಾಯು ಬಡಿದವರಿಗೆ ಒಣ ರೊಟ್ಟಿಯ ಚೂರೂ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ರೋಗಿಯು ಸಭೆಯ ಹಿರಿಯರನ್ನು ಕರೆಕಳುಹಿಸಲಿ ಎಂದು ಸತ್ಯವೇದದ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಹೇಳುತ್ತದೆ. ನಮ್ಮಲ್ಲಿ ವಯಸ್ಸಾದವರಾದರೋ ಸಂಕೋಚದಿಂದ ಕರೆಯುವುದೇ ಇಲ್ಲ, ಆದ್ದರಿಂದ ನಾವೇ ವಿಚಾರಿಸಬೇಕು.

ಆಸ್ತಿಯ ಮಾತು ಬಂದೇ ಬರುತ್ತದೆ. ಉಯಿಲಿಗೆ ಸಾಕ್ಷಿಯಾಗಿ ಸಹಿ ಹಾಕಬೇಡಿ, ಸಭೆಗೆ ಏನನ್ನಾದರೂ ಬರೆದುಕೊಡಿ ಎಂಬ ಸೂಚನೆಯನ್ನೂ ಕೊಡಬೇಡಿ. ಮಕ್ಕಳು ನೋಡಿಕೊಳ್ಳುತ್ತಿಲ್ಲವೆಂದು ಅತ್ತರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಜೀವನಾಂಶ ಕೇಳಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದೆಂದು ತಿಳಿಸಿ, 14567 ಸಹಾಯವಾಣಿಯ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಬಳಿ ಅಂಟಿಸಿ ಬನ್ನಿ.

ಅನ್ಯಧರ್ಮದ ನೆರೆಯವರನ್ನೂ ವೃದ್ಧಾಶ್ರಮದಲ್ಲಿರುವವರನ್ನೂ ಕಾಣಲು ಹೋಗುವುದಾದರೆ ಔಷಧಿ ತಂದುಕೊಡುವುದು, ಪತ್ರಿಕೆ ಓದಿ ಹೇಳುವುದು, ಬ್ಯಾಂಕಿಗೆ ಜೊತೆಯಾಗುವುದು ಇಷ್ಟನ್ನು ಮಾಡಿ. ಅವರಾಗಿಯೇ ಕೇಳಿದರೆ ಮಾತ್ರ ಪ್ರಾರ್ಥಿಸಿ. ಅಸಹಾಯಕತೆಯಲ್ಲಿ ಮಲಗಿರುವವರ ಮುಂದೆ ಬೋಧನೆಗೆ ನಿಲ್ಲುವುದು ನ್ಯಾಯವಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಹಿರಿಯರಿಗೆ ಕೆಲಸ ಕೊಡಿ. ಹಳೆಯ ಗೀತೆಗಳ ರಾಗವನ್ನು ಯೌವನಸ್ಥರ ಸಂಘದವರು ಅವರ ಮನೆಗೇ ಹೋಗಿ ಕಲಿಯಲಿ. ಪರೀಕ್ಷೆ ಬರೆಯುವ ಮಕ್ಕಳ ಮತ್ತು ಕಾಯಿಲೆಯವರ ಹೆಸರುಗಳನ್ನು, ಅವರವರ ಒಪ್ಪಿಗೆ ಪಡೆದು, ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಪ್ರಾರ್ಥನೆಗಾಗಿ ಒಪ್ಪಿಸಿ. ಮುಂದಿನ ಸಲ ಹೋದಾಗ ಫಲಿತಾಂಶ ತಿಳಿದುಕೊಂಡೇ ಹೋಗಿ; ಬಾಗಿಲಲ್ಲಿ ನಿಂತಿರುವಾಗಲೇ ಅವರು ಕೇಳುತ್ತಾರೆ.