ಮೂರು ಟ್ಯಾಬ್ಲೆಟ್, ಒಂದೇ ಕೆಲಸ, ಗಾಳಿಯಲ್ಲಿ ನಿಂತ ಬೆರಳು

ನನ್ನ ಕೆಲಸ ಆ್ಯಪ್‌ಗಳ ಸ್ಕ್ರೀನ್ ವಿನ್ಯಾಸ ಮಾಡುವುದು. ಯಾವ ಬಟನ್ ಎಲ್ಲಿರಬೇಕು, ಒತ್ತಿದರೆ ಏನಾಗಬೇಕು, ದಿನವಿಡೀ ಇದೇ ಜಗಳ. ಓದುತ್ತಾ ಟಿಪ್ಪಣಿ ಮಾಡಿಕೊಳ್ಳುವ ಒಂದು ಆ್ಯಪನ್ನು ಫೋನಿನಿಂದ ಟ್ಯಾಬ್ಲೆಟ್‌ಗೆ ತರಬೇಕಾಯಿತು. ಐಪ್ಯಾಡ್, ಆಂಡ್ರಾಯ್ಡ್, ವಿಂಡೋಸ್ ಮೂರರಲ್ಲೂ ಓಡಬೇಕು. ಹಾಗಾದರೆ ಈ ಮೂರರ ಇಂಟರ್‌ಫೇಸ್ ನಿಜವಾಗಿ ಎಲ್ಲಿ ಬೇರೆಯಾಗುತ್ತದೆ ಅಂತ ಮೊದಲು ತಿಳಿಯಬೇಕಿತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸ್ಪ್ರೆಡ್‌ಶೀಟ್ ತೆರೆದು ಮೂರು ಕಾಲಂ ಹಾಕಿದೆ. ವಿಜೆಟ್ ಇದೆಯಾ, ಡಾರ್ಕ್ ಮೋಡ್ ಇದೆಯಾ, ಎರಡು ಆ್ಯಪ್ ಅಕ್ಕಪಕ್ಕ ಇಡಬಹುದಾ, ಪೆನ್ನಿನಲ್ಲಿ ಬರೆಯಬಹುದಾ. ಎರಡು ದಿನ ಕೂತು ಸುಮಾರು 40 ಸಾಲು ತುಂಬಿಸಿದೆ. ಕೊನೆಗೆ ನೋಡಿದರೆ ಹೆಚ್ಚುಕಮ್ಮಿ ಎಲ್ಲ ಕಡೆ ಟಿಕ್. ಶೀಟ್ ಪ್ರಕಾರ ಮೂರೂ ಒಂದೇ. ಕೈಗೆತ್ತಿಕೊಂಡರೆ ಮೂರೂ ಬೇರೆ. ಎರಡು ದಿನದ ಕೆಲಸ ನೀರಲ್ಲಿ ಹೋಯಿತು.

ಎರಡನೇ ಸಲ ಒಂದೇ ಒಂದು ಕೆಲಸ ಇಟ್ಟುಕೊಂಡೆ. ಒಂದು ಪಿಡಿಎಫ್‌ನ 14ನೇ ಪುಟ ಓದುತ್ತಿರಬೇಕು. ಅಲ್ಲಿಂದ ಒಂದು ಪ್ಯಾರಾ ಕಾಪಿ ಮಾಡಿ ಹೊಸ ಮೇಲ್‌ಗೆ ಹಾಕಬೇಕು. ಒಂದು ಫೋಟೊ ಸೇರಿಸಿ ಕಳಿಸಬೇಕು. ಆಮೇಲೆ ಅದೇ 14ನೇ ಪುಟಕ್ಕೆ ವಾಪಸ್ ಬರಬೇಕು. ಟ್ಯಾಬ್ಲೆಟ್ ಇಟ್ಟುಕೊಂಡವರು ಇಂಥದ್ದನ್ನು ಆಗಾಗ ಮಾಡುತ್ತಲೇ ಇರುತ್ತಾರೆ, ಅಲ್ವಾ? ಹೋಮ್ ಸ್ಕ್ರೀನ್ ನೋಡಿಕೊಂಡು ಯಾರೂ ಕೂರುವುದಿಲ್ಲ. ಮಾಡುತ್ತಿರುವ ಕೆಲಸ ಬಿಟ್ಟು ಹೊರಗೆ ಹೋಗಿ ಮತ್ತೆ ಅಲ್ಲಿಗೇ ಬರುವುದರಲ್ಲೇ ಇಂಟರ್‌ಫೇಸ್‌ನ ಬಂಡವಾಳ ಗೊತ್ತಾಗುವುದು.

ಲೋಗೋಗಳ ಮೇಲೆ ಬಣ್ಣದ ಸ್ಟಿಕ್ಕರ್ ಅಂಟಿಸಿದೆ. ಕೆಂಪು, ಹಸಿರು, ನೀಲಿ. ಸ್ಕ್ರೀನ್ ಆನ್ ಆದ ಕೂಡಲೇ ಯಾವುದು ಯಾರದು ಅಂತ ಗೊತ್ತಾಗಿಯೇ ಆಗುತ್ತದೆ, ನಿಜ. ಆದರೂ ‘ಕೆಂಪಿನಲ್ಲಿ ಹೀಗಾಯಿತು’ ಅಂತ ಬರೆದುಕೊಂಡರೆ ಅಭಿಮಾನ ಸ್ವಲ್ಪ ಕಮ್ಮಿ ಅಡ್ಡ ಬರುತ್ತದೆ. ಇಲ್ಲೂ ನನ್ನ ಪರೀಕ್ಷೆಯ ಮಾತು ಬಂದಾಗ ಬಣ್ಣವನ್ನಷ್ಟೇ ಹೇಳುತ್ತೇನೆ. ಮುಂದಿನ ಅಪ್‌ಡೇಟ್‌ನಲ್ಲಿ ಯಾರ ಬಣ್ಣ ಹೇಗೆ ಬದಲಾಗುತ್ತದೋ ಯಾರಿಗೆ ಗೊತ್ತು.

ಮೇಜಿನ ಮೇಲೆ ಎರಡು ಕಡೆ ಪುಸ್ತಕ ಜೋಡಿಸಿ, ಅಡ್ಡಲಾಗಿ ಒಂದು ಹಲಗೆ ಇಟ್ಟೆ. ಕ್ಯಾಮೆರಾ ಕೆಳಮುಖವಾಗಿ ಬರುವ ಹಾಗೆ ಫೋನನ್ನು ಅದರ ಮೇಲಿಟ್ಟು ಕೈಗಳ ವಿಡಿಯೊ ತೆಗೆದೆ. ಮೊದಲು ನನ್ನ ಕೈ, ಆಮೇಲೆ ಇಬ್ಬರು ಸಹೋದ್ಯೋಗಿಗಳದು, ಕೊನೆಗೆ ನಮ್ಮ ದೊಡ್ಡಮ್ಮನದು.

ಮೊದಲು ಎಣಿಸಿದ್ದು ಎಷ್ಟು ಸಲ ಪರದೆ ಮುಟ್ಟಿದರು ಅನ್ನುವುದನ್ನು. ಹಸಿರಿನಲ್ಲಿ ಎಲ್ಲಕ್ಕಿಂತ ಕಮ್ಮಿ. ಸರಿ, ಹಸಿರು ಗೆದ್ದಿತು ಅಂದುಕೊಂಡೆ. ಆದರೆ ಮೂವರನ್ನೂ ಕೇಳಿದರೆ ಜಾಸ್ತಿ ಸುಸ್ತಾದದ್ದು ಹಸಿರಿನಲ್ಲೇ ಅಂದರು. ಲೆಕ್ಕ ಒಂದು ಹೇಳುತ್ತದೆ, ಮನುಷ್ಯರು ಇನ್ನೊಂದು ಹೇಳುತ್ತಾರೆ. ವಿಡಿಯೊವನ್ನು ಅರ್ಧ ವೇಗದಲ್ಲಿ ಹಾಕಿ ನೋಡಿದೆ.

ಬೆರಳು ಗಾಳಿಯಲ್ಲಿ ನಿಂತಿದೆ. ಪರದೆಯ ಮೇಲ್ತುದಿಯ ಹತ್ತಿರ ಹೋಗಿ, ಮುಟ್ಟದೆ, ಕೆಳಗೆ ಬಂದಿದೆ. ಬಲ ಅಂಚಿನ ಹತ್ತಿರ ಒಮ್ಮೆ ಅಲುಗಾಡಿ ಮತ್ತೆ ಮೇಲೆ ಹೋಗಿದೆ. ಆಮೇಲೆ ಒಂದೇ ಒಂದು ಸಲ ಒತ್ತಿದೆ. ನನ್ನ ಶೀಟಿನಲ್ಲಿ ಅದು ‘1’. ಆ ಒಂದರ ಹಿಂದೆ ನಾಲ್ಕು ಸೆಕೆಂಡಿನ ಹುಡುಕಾಟ ಇತ್ತು, ಅದು ಎಲ್ಲೂ ದಾಖಲಾಗಿರಲಿಲ್ಲ. ಅವತ್ತಿನಿಂದ ಒಂದು ಹೊಸ ಕಾಲಂ ಬಂತು. ಹೆಸರು ‘ತಡವರಿಕೆ’. ಓದದೆ, ಮುಟ್ಟದೆ, ಬೆರಳು ಒಂದು ಸೆಕೆಂಡಿಗಿಂತ ಜಾಸ್ತಿ ಗಾಳಿಯಲ್ಲಿ ನಿಂತರೆ ಒಂದು ಗೀಟು.

ಗೀಟುಗಳು ಗುಂಪಾಗಿ ಬಿದ್ದದ್ದು ಎರಡು ಕಡೆ. ಪಿಡಿಎಫ್ ಮತ್ತು ಮೇಲನ್ನು ಅಕ್ಕಪಕ್ಕ ಇಡುವಾಗ, ಮತ್ತು ಕೊನೆಯಲ್ಲಿ ವಾಪಸ್ ಬರುವಾಗ.

ಅಕ್ಕಪಕ್ಕ ಇಡುವ ಕಥೆ ಸ್ವಾರಸ್ಯವಾಗಿದೆ. 2010ರಲ್ಲಿ ಮೊದಲ ಐಪ್ಯಾಡ್ ಬಂದಾಗ ಪರದೆಯಲ್ಲಿ ಒಂದು ಸಲಕ್ಕೆ ಒಂದೇ ಆ್ಯಪ್. 2012ರ ವಿಂಡೋಸ್ 8ರಲ್ಲಿ ಇನ್ನೊಂದು ಆ್ಯಪನ್ನು ಪಕ್ಕಕ್ಕೆ ಅಂಟಿಸಿ ಇಡಬಹುದಿತ್ತು. ಐಪ್ಯಾಡ್‌ಗೆ ಇದು ಬಂದದ್ದು 2015ರಲ್ಲಿ, ಅದನ್ನು ಓಡಿಸುವ ಸಾಫ್ಟ್‌ವೇರ್ ಐಓಎಸ್ 9ರ ಜೊತೆ. ಆಂಡ್ರಾಯ್ಡ್‌ನಲ್ಲಿ ಕೆಲವು ಕಂಪನಿಗಳು ತಾವೇ ಮೊದಲೇ ಮಾಡಿಕೊಂಡಿದ್ದವು, ಗೂಗಲ್ ತನ್ನ ಕಡೆಯಿಂದ ಕೊಟ್ಟದ್ದು 2016ರ ಆಂಡ್ರಾಯ್ಡ್ 7ರಲ್ಲಿ. ಅಂದರೆ ಸೌಲಭ್ಯ ಎಲ್ಲರಿಗೂ ಬಂದು ವರ್ಷಗಳೇ ಆಗಿವೆ. ಅದಕ್ಕೇ ನನ್ನ ಮೊದಲ ಶೀಟಿನಲ್ಲಿ ಮೂರಕ್ಕೂ ಟಿಕ್ ಬಿದ್ದಿತ್ತು. ಕಷ್ಟ ಇರುವುದು ಅದನ್ನು ಶುರು ಮಾಡಲು ಎಲ್ಲಿ ಕೈ ಹಾಕಬೇಕು ಅನ್ನುವುದರಲ್ಲಿ. ಇದಕ್ಕೆ ಉತ್ತರ ಮಾತ್ರ ಬದಲಾಗುತ್ತಲೇ ಇದೆ. 2021ರ ಐಪ್ಯಾಡ್‌ಓಎಸ್ 15ರಲ್ಲಿ ಪರದೆಯ ನೆತ್ತಿಯಲ್ಲಿ ಮೂರು ಚುಕ್ಕೆ ಬಂದವು. 2022ರಲ್ಲಿ ಆಂಡ್ರಾಯ್ಡ್ 12ಎಲ್ ಕೆಳಗೊಂದು ಟಾಸ್ಕ್‌ಬಾರ್, ಅಂದರೆ ಆ್ಯಪ್ ಐಕಾನ್‌ಗಳ ಸಾಲು ತಂದಿತು, ಅಲ್ಲಿಂದ ಐಕಾನ್ ಎಳೆದು ಪಕ್ಕಕ್ಕೆ ಬಿಟ್ಟರೆ ಸಾಕು. 2025ರ ಐಪ್ಯಾಡ್‌ಓಎಸ್ 26 ಕಂಪ್ಯೂಟರಿನ ಹಾಗೆ ಎಳೆದಾಡುವ ವಿಂಡೋಗಳನ್ನೂ ಮೇಲೊಂದು ಮೆನು ಬಾರನ್ನೂ ತಂದಿತು. ಮೆನು ಬಾರ್ ಇಲ್ಲದೆಯೇ ಶುರುವಾದ ಯಂತ್ರ 15 ವರ್ಷಕ್ಕೆ ಮೆನು ಬಾರ್ ಹತ್ತಿರವೇ ಬಂತಲ್ಲ ಅಂತ ನಗು ಬಂತು.

ನನ್ನ ಬಳಿ ಹಳೆಯ ಟ್ಯಾಬ್ಲೆಟ್‌ಗಳ ಒಂದು ಡ್ರಾಯರ್ ಇದೆ. ಈ ಹೋಲಿಕೆಯ ಮಧ್ಯೆ ಅದನ್ನೂ ತೆರೆದೆ. 2011ರ ಪ್ಲೇಬುಕ್ ಸಿಕ್ಕಿತು, ಬ್ಲ್ಯಾಕ್‌ಬೆರಿಯದು, 7 ಇಂಚು. ಅದರ ಮುಖದಲ್ಲಿ ಹೋಮ್ ಬಟನ್ನೇ ಇಲ್ಲ. ಪರದೆಯ ಸುತ್ತಲಿನ ಕಪ್ಪು ಚೌಕಟ್ಟಿಗೂ ಸ್ಪರ್ಶ ಗೊತ್ತಾಗುತ್ತದೆ. ಕೆಳಗಿನ ಚೌಕಟ್ಟಿನಿಂದ ಮೇಲಕ್ಕೆ ಸವರಿದರೆ ಆ್ಯಪ್‌ನಿಂದ ಆಚೆ ಬರುತ್ತೀರಿ. ಇವತ್ತು ಐಪ್ಯಾಡ್, ಆಂಡ್ರಾಯ್ಡ್‌ಗಳಲ್ಲಿ ಮಾಡುವುದು ಅದನ್ನೇ.

ಅದರ ಪಕ್ಕದಲ್ಲೇ ಎಚ್‌ಪಿ ಟಚ್‌ಪ್ಯಾಡ್. 2011ರ ಜುಲೈ 1ಕ್ಕೆ ಮಾರಾಟ ಶುರು, ಆಗಸ್ಟ್ 18ಕ್ಕೆ ಕಂಪನಿಯೇ ನಿಲ್ಲಿಸಿತು. ಎರಡು ತಿಂಗಳೂ ಪೂರ್ತಿ ಬಾಳಲಿಲ್ಲ. ಆದರೆ ಅದರ ವೆಬ್‌ಓಎಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ತೆರೆದ ಆ್ಯಪ್‌ಗಳು ಇಸ್ಪೀಟ್ ಎಲೆಗಳ ಹಾಗೆ ಸಾಲಾಗಿ ನಿಲ್ಲುತ್ತವೆ. ಬೇಡದ್ದನ್ನು ಮೇಲಕ್ಕೆ ತಳ್ಳಿದರೆ ಮುಚ್ಚುತ್ತದೆ. ಈ ಕಾರ್ಡುಗಳು 2009ರ ಪಾಮ್ ಕಂಪನಿಯ ಪ್ರೀ ಫೋನಿನಿಂದ ಬಂದವು. ಅದರ ವಿನ್ಯಾಸದ ಮುಂದಾಳು ಮಟಿಯಾಸ್ ಡುವಾರ್ಟೆ 2010ರಲ್ಲಿ ಗೂಗಲ್‌ಗೆ ಹೋದರು. 2011ರಲ್ಲಿ ಟ್ಯಾಬ್ಲೆಟ್‌ಗೆಂದೇ ಬಂದ ಆಂಡ್ರಾಯ್ಡ್ 3.0 ಹನಿಕೋಂಬ್‌ನಲ್ಲೂ ಅವರ ಕೈ ಇದೆ. ಟಚ್‌ಪ್ಯಾಡ್ ಸತ್ತಿತು, ಅದರ ಕಾರ್ಡುಗಳು ಮಾತ್ರ ಈಗ ನನ್ನ ಮೇಜಿನ ಮೇಲಿನ ಕೆಂಪು, ಹಸಿರುಗಳಲ್ಲಿ ಓಡಾಡಿಕೊಂಡಿವೆ.

ಎಲ್ಲ ಅಂಚುಗಳಿಗೂ ಇಂಥ ಅದೃಷ್ಟ ಇರಲಿಲ್ಲ. ವಿಂಡೋಸ್ 8ರಲ್ಲಿ ಬಲ ಅಂಚಿನಿಂದ ಸವರಿದರೆ ‘ಚಾರ್ಮ್ಸ್’ ಪಟ್ಟಿ ಬರುತ್ತಿತ್ತು. ಹುಡುಕುವುದು, ಹಂಚುವುದು, ಸೆಟ್ಟಿಂಗ್ಸ್ ಎಲ್ಲ ಅಲ್ಲೇ. ಪರದೆಯ ಮೇಲೆ ಅದರ ಸುಳಿವೇ ಇರಲಿಲ್ಲ. 2015ರ ವಿಂಡೋಸ್ 10ರಲ್ಲಿ ಅದು ಕಾಣೆಯಾಯಿತು. ಕಾಣದ ಬಾಗಿಲನ್ನು ಯಾರು ತಟ್ಟುತ್ತಾರೆ?

ಹಾಗಂತ ಎದುರಿಗೆ ಕಾಣುವುದೇ ಒಳ್ಳೆಯದು ಅಂತ ಬರೆದು ಮುಗಿಸುವವನಿದ್ದೆ. ಒಂದು ವಾರ ಬಿಟ್ಟು ಅದೇ ಪರೀಕ್ಷೆ ಮತ್ತೆ ಮಾಡಿದೆ. ಅಷ್ಟರಲ್ಲಿ ಸಹೋದ್ಯೋಗಿಗಳಿಬ್ಬರೂ ಮೂರನ್ನೂ ದಿನಾ ಬಳಸಿದ್ದರು. ಹಸಿರಿನ ತಡವರಿಕೆ ಹೆಚ್ಚುಕಮ್ಮಿ ಮಾಯ. ಅಂಚಿನಿಂದ ಸರ್ರನೆ ಸವರಿ ಮುಗಿಸಿಬಿಟ್ಟರು. ಮೊದಲ ದಿನ ತಡವರಿಕೆ ಎಲ್ಲಕ್ಕಿಂತ ಕಮ್ಮಿ ಇದ್ದ ನೀಲಿಯಲ್ಲಿ ಪ್ರತಿ ಸಲವೂ ಬೆರಳು ಅಷ್ಟೇ ದೂರ ಹೋಗಿ ಬಟನ್ ಒತ್ತಬೇಕು, ಅದು ಅಭ್ಯಾಸದಿಂದ ಕಮ್ಮಿಯಾಗುವುದಿಲ್ಲ. ಅಂಗಡಿಯಲ್ಲಿ ಐದು ನಿಮಿಷ ಆಡಿಸಿ ನೋಡಿದರೆ ಇದು ತಿಳಿಯುವುದೇ ಇಲ್ಲ. ದಿನಕ್ಕೆ ಆರು ಗಂಟೆ ಹಿಡಿದು ಕೂರುವವರಿಗೆ ಒಂದು ಉತ್ತರ, ವಾರಕ್ಕೊಮ್ಮೆ ಎತ್ತಿಕೊಳ್ಳುವವರಿಗೆ ಇನ್ನೊಂದು. ನಮ್ಮ ಆ್ಯಪ್‌ನಲ್ಲಿ ಸವರಿ ಮಾಡುವ ಪ್ರತಿ ಕೆಲಸಕ್ಕೂ ಕಣ್ಣಿಗೆ ಕಾಣುವ ಬಟನ್ ಒಂದನ್ನು ಇಟ್ಟಿದ್ದು ಇದರಿಂದಲೇ. ಎರಡೂ ಇರಲಿ, ಕಲಿತವರು ಸವರಿಕೊಳ್ಳಲಿ.

ಇನ್ನು ಬಟನ್ನಿನ ಗಾತ್ರ. ಇದು ನಮ್ಮಂಥವರ ಹುಚ್ಚು, ಸ್ವಲ್ಪ ಸಹಿಸಿಕೊಳ್ಳಿ. ಒತ್ತುವ ಜಾಗ ಕನಿಷ್ಠ 44 ಪಾಯಿಂಟ್ ಇರಲಿ ಅಂತ ಆ್ಯಪಲ್ ಹೇಳುತ್ತದೆ, ಗೂಗಲ್ 48 ಡಿಪಿ ಅನ್ನುತ್ತದೆ. ಎರಡೂ ಪರದೆಯ ವಿನ್ಯಾಸಕ್ಕೆ ಬಳಸುವ ಅಳತೆಗಳು; ಇಲ್ಲಿ ಹೇಳುವ ಐಪ್ಯಾಡ್‌ಗಳಲ್ಲಿ ಒಂದು ಪಾಯಿಂಟ್ ಅಂದರೆ ಎರಡು ಪಿಕ್ಸೆಲ್. ನಾನು ಸ್ಕೇಲ್ ತೆಗೆದುಕೊಂಡು ಅಳೆದೆ. ಇಂಚಿಗೆ 264 ಪಿಕ್ಸೆಲ್ ಇರುವ ಐಪ್ಯಾಡ್‌ನಲ್ಲಿ 44 ಪಾಯಿಂಟ್ ಅಂದರೆ ಸುಮಾರು 8.5 ಮಿಲಿಮೀಟರ್. 326 ಪಿಕ್ಸೆಲ್ ಇರುವ ಐಪ್ಯಾಡ್ ಮಿನಿಯಲ್ಲಿ ಅದೇ 44 ಪಾಯಿಂಟ್ 6.9 ಮಿಲಿಮೀಟರ್‌ಗೆ ಇಳಿಯುತ್ತದೆ. ನಿಯಮ ಒಂದೇ, ಬಟನ್ ಮಾತ್ರ ಸೊರಗಿದೆ. ಕಾರಣ ಹಳೆಯದು. 2012ರ ಮೊದಲ ಮಿನಿಯ 7.9 ಇಂಚಿನಲ್ಲಿ 9.7 ಇಂಚಿನ ಹಳೆಯ ಐಪ್ಯಾಡ್‌ನಷ್ಟೇ ಪಿಕ್ಸೆಲ್ ಇದ್ದವು, 1024 ಅಡ್ಡ, 768 ಉದ್ದ. ಆ್ಯಪ್‌ಗಳನ್ನು ತಿದ್ದದೆ ಹಾಗೇ ಕುಗ್ಗಿಸಿದ್ದರಿಂದ ಎಲ್ಲವೂ ನಡೆಯಿತು. ನಮ್ಮ ಆ್ಯಪ್‌ನ ‘ಕಳಿಸು’ ಬಟನನ್ನು ಮಿನಿಯಲ್ಲಿ ಎರಡು ಸಲ ತಪ್ಪಿ ಒತ್ತಿದ ಮೇಲೆ 56 ಪಾಯಿಂಟ್ ಮಾಡಿದೆ.

ಪೆನ್ನು, ವಾಲ್‌ಪೇಪರ್, ಅನಿಮೇಷನ್ ಎಲ್ಲ ನೋಡಿದೆ. ಹೇಳುವಂಥದ್ದು ಏನಿಲ್ಲ. ಒಂದು ಮಾತ್ರ: ಮನೆಯಲ್ಲಿ ನಾಲ್ಕು ಜನ ಒಂದೇ ಟ್ಯಾಬ್ಲೆಟ್ ಬಳಸುವುದಾದರೆ ಆಂಡ್ರಾಯ್ಡ್ 2012ರ 4.2ರಿಂದಲೇ ಒಬ್ಬೊಬ್ಬರಿಗೆ ಬೇರೆ ಖಾತೆ ಕೊಡುತ್ತಿದೆ. ಮಕ್ಕಳು ನಿಮ್ಮ ಮೇಲ್ ತೆರೆಯುವ ಭಯ ಇರುವವರಿಗೆ ಮೇಲಿನ ಎಲ್ಲಕ್ಕಿಂತ ಇದೇ ದೊಡ್ಡದು.

ಎರಡನೇ ಗೀಟಿನ ಗುಂಪು ವಾಪಸ್ ಬರುವುದರದ್ದು ಅಂದೆನಲ್ಲ. ಅದರಲ್ಲಿ ಹೆಚ್ಚಿನವು ದೊಡ್ಡಮ್ಮನವು. ಅವರು ಟ್ಯಾಬ್ಲೆಟನ್ನು ಮೇಜಿನ ಮೇಲಿಡುವುದೇ ಇಲ್ಲ. ಎರಡೂ ಕೈಯಲ್ಲಿ ತಟ್ಟೆ ಹಿಡಿದ ಹಾಗೆ ಹಿಡಿಯುತ್ತಾರೆ. ಹಲಗೆಯ ಕೆಳಗೆ ಕೂರಿಸಿ ಹಾಗೇ ವಿಡಿಯೊ ತೆಗೆದೆ. ಕೆಂಪಿನಲ್ಲಿ ಮೇಲ್ ಬರೆಯುತ್ತಿದ್ದರು. ಇದ್ದಕ್ಕಿದ್ದಂತೆ ಮೇಲ್ ಹೋಗಿ ಹಿಂದಿನ ಸ್ಕ್ರೀನ್ ಬಂತು. ಮತ್ತೆ ತೆರೆದರು. ಮತ್ತೆ ಹೋಯಿತು.

“ಏನು ಒತ್ತಿದ್ರಿ?” ಅಂದೆ.

“ನಾನೇನೂ ಒತ್ತಿಲ್ಲಪ್ಪ, ಸುಮ್ನೆ ಹಿಡ್ಕೊಂಡಿದ್ದೆ. ಇದೇ ಓಡಿಹೋಗುತ್ತೆ.”

ವಿಡಿಯೊ ನಿಧಾನ ಮಾಡಿ ನೋಡಿದರೆ ಅವರು ಹೇಳಿದ್ದೇ ಸರಿ. ಬಲಗೈ ಹೆಬ್ಬೆರಳು ಅಂಚಿನ ಮೇಲೆ ಕೂತಿತ್ತು. ಭಾರಕ್ಕೆ ಕೈ ಬದಲಿಸುವಾಗ ಅದು ಒಂದಿಷ್ಟು ಒಳಕ್ಕೆ ಜಾರುತ್ತಿತ್ತು. ಕೆಂಪು ಅದನ್ನು ‘ಹಿಂದೆ ಹೋಗು’ ಅಂತ ತಿಳಿದುಕೊಳ್ಳುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಹಂತ ಒಳಗೆ ಅದನ್ನು ಮಂದ ಮಾಡುವ ಒಂದು ಸ್ಲೈಡರ್ ಇತ್ತು. ಪೂರ್ತಿ ಇಳಿಸಿದೆ. ಸ್ವಲ್ಪ ಕಮ್ಮಿಯಾಯಿತು, ನಿಲ್ಲಲಿಲ್ಲ.

ಕೊನೆಗೆ ಅಂಚು ಎತ್ತರ ಇರುವ ದಪ್ಪ ರಬ್ಬರ್ ಕೇಸ್ ಹಾಕಿಕೊಟ್ಟೆ. ಹೆಬ್ಬೆರಳು ಈಗ ರಬ್ಬರ್ ಮೇಲೆ ಕೂರುತ್ತದೆ, ಗಾಜಿಗೆ ತಾಗುವುದಿಲ್ಲ. ಮಾರನೇ ವಾರ ಕೇಳಿದೆ, ಇನ್ನೂ ಓಡಿಹೋಗುತ್ತಾ ಅಂತ.

“ಇಲ್ಲಪ್ಪ, ಈಗ ಕಟ್ಟಿಹಾಕಿದ್ದೀಯಲ್ಲ” ಅಂದರು.